ಅಹಮದಾಬಾದಿನಲ್ಲಿ ಇಳಿದ ಪತಂಗ: ಪುಸ್ ಮಾತ್ ವಿಮಾನದ ಸಿಮ್ಯುಲೇಟರ್ ಮಾದರಿಯೂ 1932ರ ಅಂಚೆ ಹಾರಾಟವೂ

ಕನ್ನಡದಲ್ಲಿ ಪತಂಗ ಎಂದರೆ ದೀಪಕ್ಕೆ ಮುತ್ತುವ ಹುಳು. ಅಹಮದಾಬಾದಿನಲ್ಲಿ ಪತಂಗ ಎಂದರೆ ಸಂಕ್ರಾಂತಿಯ ದಿನ ಮಾಳಿಗೆ ಮಾಳಿಗೆಯಿಂದ ಏರುವ ಗಾಳಿಪಟ. 1932ರ ಅಕ್ಟೋಬರ್ 15ರಂದು ಆ ಊರಿಗೆ ಬಂದಿಳಿದದ್ದು ಕನ್ನಡದ ಅರ್ಥದ ಪತಂಗ. ಇಂಗ್ಲೆಂಡಿನ ವಿಮಾನ ತಯಾರಕ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ಪತಂಗಗಳ ಹುಚ್ಚು. ತನ್ನ ಹಲವು ಹಗುರ ವಿಮಾನಗಳಿಗೆ ಅವುಗಳ ಹೆಸರನ್ನೇ ಇಟ್ಟ: ಜಿಪ್ಸಿ ಮಾತ್, ಟೈಗರ್ ಮಾತ್, ಪುಸ್ ಮಾತ್. ಜೆ.ಆರ್.ಡಿ. ಟಾಟಾ ಅಂದು ಬೆಳಿಗ್ಗೆ 6.35ಕ್ಕೆ ಕರಾಚಿಯ ಡ್ರಿಗ್ ರೋಡ್ ನಿಲ್ದಾಣದಿಂದ ಏರಿಸಿದ್ದು ಪುಸ್ ಮಾತ್. ಒಳಗೆ ಸುಮಾರು 25 ಕಿಲೋ ಅಂಚೆ. ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು ಮಧ್ಯಾಹ್ನ 1.50ಕ್ಕೆ ಮುಂಬೈಯ ಜುಹೂನಲ್ಲಿ ಇಳಿಸಿದರು. ಅಲ್ಲಿಂದ ಮುಂದೆ ಪೈಲಟ್ ನೆವಿಲ್ ವಿನ್ಸೆಂಟ್ ಅಂಚೆಯನ್ನು ಬಳ್ಳಾರಿಗೆ ಒಯ್ದು, ರಾತ್ರಿ ಅಲ್ಲಿ ತಂಗಿ, ಮರುದಿನ ಮದ್ರಾಸು ಮುಟ್ಟಿಸಿದರು.

ಈ ಹಾರಾಟದ ಕಥೆಯನ್ನು ಬರೆದವರು ಬಹಳ ಮಂದಿ. ಈ ಲೇಖನದ ಪ್ರಶ್ನೆ ಬೇರೆ. ಇದೇ ವಿಮಾನವನ್ನು ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನಲ್ಲಿ ಕಟ್ಟಿ, ಇದೇ ದಾರಿಯಲ್ಲಿ ಹಾರಿಸಹೊರಟರೆ ನಮ್ಮ ಕೈಯಲ್ಲಿರುವ ಯಾವ ದಾಖಲೆ ನಿಲ್ಲುತ್ತದೆ, ಯಾವುದು ಕುಸಿಯುತ್ತದೆ?

ಸಿಮ್ಯುಲೇಟರಿಗೂ ಅಂಚೆಗೂ ಹಳೆಯ ನಂಟು. ಅಮೆರಿಕದ ಎಡ್ವಿನ್ ಲಿಂಕ್ 1929ರ ಹೊತ್ತಿಗೆ ಕಟ್ಟಿದ ಮೊದಲ ತರಬೇತಿ ಯಂತ್ರದಲ್ಲಿ ಅಪ್ಪನ ಪಿಯಾನೊ–ಆರ್ಗನ್ ಕಾರ್ಖಾನೆಯ ತಿದಿಗಳಿದ್ದವು. ತಿದಿ ಉಬ್ಬಿದಾಗ ಪೆಟ್ಟಿಗೆ ವಾಲುತ್ತಿತ್ತು, ಇಳಿದಾಗ ಮರಳುತ್ತಿತ್ತು. ಕೊಳ್ಳುವವರು ಸಿಕ್ಕಿದ್ದು ಹೆಚ್ಚಾಗಿ ಜಾತ್ರೆ, ಮೋಜಿನ ತೋಟಗಳವರು. 1934ರಲ್ಲಿ ಅಮೆರಿಕದ ಸೇನೆ ಅಂಚೆ ಸಾಗಿಸುವ ಕೆಲಸವನ್ನು ಮೈಮೇಲೆ ಎಳೆದುಕೊಂಡು, ಮಂಜಿನಲ್ಲಿ ಕುರುಡಾಗಿ ಹಾರಿದ ಹಲವು ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಲಿಂಕ್‌ನ ಆರು ಯಂತ್ರಗಳನ್ನು ಕೊಂಡಿತು. ಮನೆಯ ಮೇಜಿಗೆ ಈ ವಿದ್ಯೆ ಬಂದದ್ದು ಬ್ರೂಸ್ ಆರ್ಟ್‌ವಿಕ್ ಅವರಿಂದ. 1979ರಲ್ಲಿ ಆಪಲ್ ಯಂತ್ರಕ್ಕೆ, 1982ರಲ್ಲಿ ಮೈಕ್ರೋಸಾಫ್ಟ್ ಹೆಸರಿನಲ್ಲಿ. ಹಳೆಯ ವಿಮಾನಗಳಿಗೆ ಅಲ್ಲಿ ಮಾನ ಸಿಕ್ಕಿದ್ದು 2003ರಲ್ಲಿ. ರೈಟ್ ಸಹೋದರರ ಹಾರಾಟಕ್ಕೆ ನೂರು ತುಂಬುವ ಆ ವರ್ಷದ ಆವೃತ್ತಿ ಫೋರ್ಡ್ ಟ್ರೈಮೋಟರ್, ವಿಕರ್ಸ್ ವಿಮಿಗಳ ಜೊತೆಗೆ ಡಿ ಹ್ಯಾವಿಲೆಂಡ್‌ನವರ ಕಾಮೆಟ್ ರೇಸರ್ ವಿಮಾನವನ್ನೂ ಕೊಟ್ಟಿತು. 1934ರ ಇಂಗ್ಲೆಂಡ್–ಮೆಲ್ಬರ್ನ್ ಪಂದ್ಯದಲ್ಲಿ ಅಲಹಾಬಾದಿನಲ್ಲಿ ಇಳಿದು ಏರಿ ಗೆದ್ದ ವಿಮಾನ ಅದು. ಅಂಚೆ ಹೊತ್ತ ಪುಸ್ ಮಾತ್ ಆ ಸಾಲಿನಲ್ಲಿ ಇರಲಿಲ್ಲ. ಅದನ್ನು ಹವ್ಯಾಸಿಗಳೇ ಕಟ್ಟಿಕೊಳ್ಳಬೇಕು.

ಕಟ್ಟುವುದು ಎರಡು ಕೆಲಸ. ಒಂದು ಹೊರಮೈ: ನಕ್ಷೆ, ಫೋಟೊಗಳನ್ನು ಹಿನ್ನೆಲೆಗೆ ಹಾಕಿ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಆಕಾರ ಎಬ್ಬಿಸಿ ಬಣ್ಣ ಬಳಿಯುವುದು. ಇನ್ನೊಂದು, ಅದು ಹಾರುವ ಬಗೆ: ತೂಕ, ಗುರುತ್ವ ಕೇಂದ್ರ, ರೆಕ್ಕೆಯ ಎತ್ತುಬಲ, ಎಂಜಿನ್ನಿನ ಸೆಳೆತಗಳನ್ನು ಅಂಕಿಗಳಾಗಿ ಬರೆಯುವುದು. ಫ್ಲೈಟ್‌ಗಿಯರ್ ಎಂಬ ಉಚಿತ ಸಿಮ್ಯುಲೇಟರಿನ ಒಂದು ವಿಧಾನದಲ್ಲಿ ರೆಕ್ಕೆಯ ಅಳತೆ, ತೂಕ, ದೂರಯಾನದ ವೇಗ, ಇಳಿಯುವ ವೇಗ ಇಷ್ಟನ್ನು ಕೊಟ್ಟರೆ ಉಳಿದ ಗುಣಾಂಕಗಳನ್ನು ಅದೇ ಲೆಕ್ಕ ಹಾಕುತ್ತದೆ. ಅನುಕೂಲವೇ ಸರಿ. ಆದರೆ ಪುಸ್ತಕದ ಕೋಷ್ಟಕದಲ್ಲಿ ಒಂದು ಅಂಕಿ ತಪ್ಪಿದ್ದರೆ ಅದು ಇಡೀ ವಿಮಾನದ ಸ್ವಭಾವಕ್ಕೆ ಇಳಿಯುತ್ತದೆ. ಹೊರಮೈಯ ತಪ್ಪು ಕಣ್ಣಿಗೆ ಬೀಳುತ್ತದೆ, ಒಳಗಿನದು ಬೀಳುವುದಿಲ್ಲ. ಹವ್ಯಾಸಿಗಳು ರಿವೆಟ್ ಎಣಿಸಲು ಕೊಡುವ ಸಮಯದ ಕಾಲುಭಾಗವನ್ನೂ ಈ ಅಂಕಿಗಳಿಗೆ ಕೊಡುವುದಿಲ್ಲ ಎಂಬುದು ನನ್ನ ದೂರು.

ಪುಸ್ ಮಾತ್ 1929ರ ಸೆಪ್ಟೆಂಬರಿನಲ್ಲಿ ಮೊದಲು ಹಾರಿತು. ಉಕ್ಕಿನ ಕೊಳವೆಗಳ ಚೌಕಟ್ಟಿಗೆ ಬಟ್ಟೆ ಹೊದಿಸಿದ ಒಡಲು, ಮೇಲೆ ಒಂದೇ ಜೊತೆ ರೆಕ್ಕೆ, ಮುಚ್ಚಿದ ಕೋಣೆ. ರೆಕ್ಕೆಯ ತುದಿಯಿಂದ ತುದಿಗೆ 11.2 ಮೀಟರ್, ಉದ್ದ 7.6 ಮೀಟರ್. ಎಂಜಿನ್ 120 ಅಶ್ವಶಕ್ತಿಯ ಜಿಪ್ಸಿ 3. ಪೈಲಟ್‌ಗೆ ಮುಂದಿನ ನೋಟ ಸಿಗಲೆಂದು ಸಿಲಿಂಡರ್‌ಗಳನ್ನು ತಲೆಕೆಳಗು ಮಾಡಿ ಕೂರಿಸಿದ್ದು. ಇಲ್ಲೇ ಮೊದಲ ಬಲೆ. ಅಮೆರಿಕದ ಸಾಮಾನ್ಯ ಎಂಜಿನ್‌ಗಳ ಪ್ರೊಪೆಲರ್, ಪೈಲಟ್ ಕೂತಲ್ಲಿಂದ ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಜಿಪ್ಸಿ ಮನೆತನದ್ದು ಅದಕ್ಕೆ ವಿರುದ್ಧ. ಟೈಗರ್ ಮಾತ್ ಹಾರಿಸಿದ ಯಾರನ್ನೇ ಕೇಳಿ, ಏರುವಾಗ ಅದರ ಮೂಗು ಬಲಕ್ಕೆ ಎಳೆಯುತ್ತದೆ, ಎಡಗಾಲು ಒತ್ತಬೇಕು ಎನ್ನುತ್ತಾರೆ. ಸೆಸ್ನಾ ವಿಮಾನದ ಕಡತವನ್ನು ನಕಲು ಮಾಡಿ ಅಂಕಿ ಬದಲಿಸುತ್ತ ಹೋದವರ ಪುಸ್ ಮಾತ್ ಎಡಕ್ಕೆ ಎಳೆಯುತ್ತದೆ. ಚಿತ್ರದಲ್ಲಿ ಎಲ್ಲವೂ ಸರಿ, ಕಾಲಿಗೆ ಮಾತ್ರ ಸುಳ್ಳು.

ಎರಡನೆಯದು ಇನ್ನೂ ಚೆಂದದ್ದು. ಇಳಿಯುವಾಗ ರೆಕ್ಕೆಯಿಂದ ಇಳಿಬಿಡುವ ಫ್ಲಾಪ್ ಈ ವಿಮಾನಕ್ಕಿಲ್ಲ. ಮೈ ನಯ, ಹಾಗಾಗಿ ಇಳಿಸಹೊರಟರೆ ಇಳಿಯದೆ ತೇಲುತ್ತಲೇ ಹೋಗುವ ಜಾತಿ. ಅದಕ್ಕೆ ಡಿ ಹ್ಯಾವಿಲೆಂಡ್‌ನವರು ಹೂಡಿದ ಉಪಾಯ: ಚಕ್ರದ ಕಾಲುಗಳಿಗೆ ಗಾಳಿ ಸೀಳಲೆಂದು ತೊಡಿಸಿದ ತೆಳು ಹೊದಿಕೆಯನ್ನು ಪೈಲಟ್ ಒಳಗಿನಿಂದಲೇ 90 ಡಿಗ್ರಿ ತಿರುಗಿಸಬಹುದು. ಆಗ ಅಲಗಿನಂತಿದ್ದ ಹೊದಿಕೆ ಹಲಗೆಯಂತೆ ಗಾಳಿಗೆ ಅಡ್ಡ ನಿಲ್ಲುತ್ತದೆ, ವೇಗ ಇಳಿಯುತ್ತದೆ. ಹಳೆಯ ಫೋಟೊಗಳಲ್ಲಿ ನಿಂತ ವಿಮಾನದ ಕಾಲು ಒಂದರಲ್ಲಿ ತೆಳ್ಳಗೆ, ಇನ್ನೊಂದರಲ್ಲಿ ದಪ್ಪಗೆ ಕಂಡರೆ ಎರಡು ಬಗೆಯ ಕಾಲುಗಳೆಂದು ಬಗೆಯಬೇಕಾಗಿಲ್ಲ. ಸಿಮ್ಯುಲೇಟರಿನಲ್ಲಿ ಇದನ್ನು ಸ್ಪಾಯ್ಲರ್ (ರೆಕ್ಕೆಯ ಮೇಲೆ ಏಳುವ ತಡೆಹಲಗೆ) ಕೀಲಿಗೆ ಜೋಡಿಸಿ, ಪ್ರತಿರೋಧ ಮಾತ್ರ ಹೆಚ್ಚಿಸಿ, ರೆಕ್ಕೆಯ ಎತ್ತುಬಲವನ್ನು ಮುಟ್ಟದೆ ಬಿಡಬೇಕು.

ಈಗ ಮುಖ್ಯ ತೊಡಕು. ಪುಸ್ ಮಾತ್‌ನ ಹಾರಾಟದ ದೂರ 300 ಮೈಲಿ, ಅಂದರೆ 483 ಕಿಲೋಮೀಟರ್ ಎಂದು ಕೋಷ್ಟಕಗಳು ಒಂದರಿಂದೊಂದು ಎತ್ತಿಕೊಂಡು ಮುದ್ರಿಸುತ್ತ ಬಂದಿವೆ. ಭೂಪಟದ ಮೇಲೆ ಕರಾಚಿಯಿಂದ ಅಹಮದಾಬಾದಿಗೆ ನೇರ ಗೆರೆ ಎಳೆಯಿರಿ: ಸುಮಾರು 590 ಕಿಲೋಮೀಟರ್. ಆ ಅಂಕಿಯನ್ನು ನಂಬಿ ಕಟ್ಟಿದ ಮಾದರಿ ಕಛ್‌ನ ಸಣ್ಣ ರಣದ ಆಸುಪಾಸಿನಲ್ಲಿ, ಅಹಮದಾಬಾದ್ ಇನ್ನೂ 100 ಕಿಲೋಮೀಟರ್ ಇರುವಾಗಲೇ, ಎಂಜಿನ್ ನಿಂತು ಉಪ್ಪಿನ ನೆಲಕ್ಕೆ ಇಳಿಯುತ್ತದೆ. ಜುಹೂವಿನಿಂದ ಬಳ್ಳಾರಿ ಅದಕ್ಕಿಂತ ದೂರ, ಸುಮಾರು 610 ಕಿಲೋಮೀಟರ್. ಎರಡೂ ದಾರಿಗಳನ್ನು ನಿಜವಾದ ವಿಮಾನ ದಾಟಿದೆ. ಹಾಗಾದರೆ ತಪ್ಪಿದ್ದು ಕೋಷ್ಟಕವೇ, ಅಥವಾ ನಾವು ಅದನ್ನು ಓದಿದ ರೀತಿಯೇ?

ತೂಕದ ಲೆಕ್ಕ ದಾರಿ ತೋರಿಸುತ್ತದೆ. ಖಾಲಿ ವಿಮಾನ ಸುಮಾರು 575 ಕಿಲೋ, ಏರಬಹುದಾದ ಒಟ್ಟು ತೂಕ 930. ನಡುವೆ 355 ಕಿಲೋ. ಪೈಲಟ್‌ಗೆ 75, ಅಂಚೆಗೆ 25 ಕಳೆದರೆ 255 ಉಳಿಯಿತು. ಪೆಟ್ರೋಲಿನ ಮಾತಿನಲ್ಲಿ ಹೇಳುವುದಾದರೆ ಸುಮಾರು 350 ಲೀಟರ್ ಹೊರುವ ಶಕ್ತಿ. ಹಿಂದಿನ ಸೀಟು ಖಾಲಿಯಾದಾಗ ಇಂಧನಕ್ಕೆ ಬೇಕಾದಷ್ಟು ಜಾಗ. ಅದೇ 1932ರ ಆಗಸ್ಟಿನಲ್ಲಿ ಜಿಮ್ ಮಾಲಿಸನ್ ಇದೇ ಬಗೆಯ ವಿಮಾನದ ಒಳಗೆ ದೊಡ್ಡ ಟ್ಯಾಂಕ್ ಕೂರಿಸಿ ಅಟ್ಲಾಂಟಿಕ್ ಸಾಗರವನ್ನೇ ಪೂರ್ವದಿಂದ ಪಶ್ಚಿಮಕ್ಕೆ ಒಬ್ಬನೇ ದಾಟಿದ್ದ. ಹೀಗಾಗಿ ನನ್ನ ತೀರ್ಮಾನ ಇಷ್ಟು: 300 ಮೈಲಿ ಎಂಬುದು ಪ್ರಯಾಣಿಕರನ್ನು ಕೂರಿಸಿದ ಮಾರಾಟದ ವಿಮಾನದ ಅಂಕಿ, ಅಂಚೆಯ ವಿಮಾನಕ್ಕೆ ಹೆಚ್ಚಿನ ಇಂಧನ ತುಂಬಿಯೇ ಮಾದರಿ ಕಟ್ಟಬೇಕು. ಅದರೊಂದಿಗೆ ಗುರುತ್ವ ಕೇಂದ್ರವೂ ಸರಿಯುತ್ತದೆ, ಏರುವ ಓಟವೂ ಉದ್ದವಾಗುತ್ತದೆ.

ಫೋಟೊಗಳು ಹಾಕುವ ಬಲೆ ಬೇರೆ ತರದ್ದು. ಜೆ.ಆರ್.ಡಿ. ಈ ಹಾರಾಟವನ್ನು 1962ರಲ್ಲೊಮ್ಮೆ, 1982ರಲ್ಲಿ 78ನೆಯ ವಯಸ್ಸಿನಲ್ಲೊಮ್ಮೆ ಮತ್ತೆ ಹಾರಿ ತೋರಿಸಿದರು. ಆಗ ಬಳಸಿದ್ದು ಪುಸ್ ಮಾತ್ ಅಲ್ಲ, ಅದರ ತಮ್ಮ ಲೆಪರ್ಡ್ ಮಾತ್. ಅದರ ಒಡಲು ಪ್ಲೈವುಡ್, ರೆಕ್ಕೆ ತುದಿಯತ್ತ ಕಿರಿದಾಗುತ್ತದೆ, ಎಂಜಿನ್ 130 ಅಶ್ವಶಕ್ತಿಯ ಜಿಪ್ಸಿ ಮೇಜರ್, ಹಿಂದೆ ಇಬ್ಬರು ಅಕ್ಕಪಕ್ಕ ಕೂರುವ ಅಗಲ. 1982ರ ಬಣ್ಣದ ಚಿತ್ರ ನೋಡಿ 1932ರ ವಿಮಾನ ಕಟ್ಟಿದರೆ ಅಣ್ಣನ ಮೈಗೆ ತಮ್ಮನ ಅಂಗಿ ತೊಡಿಸಿದಂತೆ. ಎಚ್‌ಟಿ-2 ತರಬೇತಿ ವಿಮಾನದ ಮಾದರಿ ಕಟ್ಟುವ ಬೆಂಗಳೂರಿನವರಿಗೆ ಇಂಥ ಗೊಂದಲವಿಲ್ಲ. ವಿ.ಎಂ. ಘಾಟಗೆ ವಿನ್ಯಾಸ ಮಾಡಿದ, 1951ರ ಆಗಸ್ಟಿನಲ್ಲಿ ಮೊದಲು ಹಾರಿದ ಆ ವಿಮಾನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಕಣ್ಣೆದುರೇ ಇದೆ. ಅನುಮಾನ ಬಂದರೆ ಹೋಗಿ ನೋಡಿಬರಬಹುದು.

ನೆಲದ ವಿಷಯಕ್ಕೆ ಬಂದರೆ ಸಿಮ್ಯುಲೇಟರ್ ತೀರಾ ಕೈಕೊಡುತ್ತದೆ. ಇಂದಿನ ಉಪಗ್ರಹ ಚಿತ್ರ ಹೊದ್ದ ಅಹಮದಾಬಾದಿನಲ್ಲಿ ಸಾಬರಮತಿಯ ಎರಡೂ ದಡಕ್ಕೆ ಕಾಂಕ್ರೀಟಿನ ಅಂಚು, ಈಶಾನ್ಯಕ್ಕೆ ಮೂರೂವರೆ ಕಿಲೋಮೀಟರಿನ ರನ್‌ವೇ. ಈ ವಿಮಾನ ನಿಲ್ದಾಣದ ಹುಟ್ಟೇ 1937. ಐದು ವರ್ಷ ಮುಂಚೆ ಬಂದವರಿಗೆ ಇದ್ದದ್ದು ಬಯಲು. ದಾರಿಯುದ್ದಕ್ಕೂ ರೇಡಿಯೊ ಇಲ್ಲ, ದಾರಿದೀಪವಿಲ್ಲ. ನದಿಯ ತಿರುವು, ರೈಲು ಹಳಿ, ಎಲಿಸ್ ಸೇತುವೆ, ಬಟ್ಟೆ ಗಿರಣಿಗಳ ಚಿಮಣಿ ನೋಡಿಕೊಂಡು ಊರು ಗುರುತಿಸಬೇಕು. ಚಿಮಣಿಯ ಹೊಗೆ ಗಾಳಿಯ ದಿಕ್ಕನ್ನೂ ಹೇಳುತ್ತದೆ. ಮಾದರಿಯಲ್ಲಿ ನಾಲ್ಕು ಚಿಮಣಿ ನೆಟ್ಟು ಹೊಗೆ ಎಬ್ಬಿಸುವುದು ಒಂದು ಸಂಜೆಯ ಕೆಲಸ. ರನ್‌ವೇ ಅಳಿಸುವುದಕ್ಕಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನು ಹೊತ್ತಿನ ಲೆಕ್ಕ. ಒಟ್ಟು ದಾರಿ ಸುಮಾರು 1,030 ಕಿಲೋಮೀಟರ್, ಗಡಿಯಾರದ ಪ್ರಕಾರ 7 ಗಂಟೆ 15 ನಿಮಿಷ. ಗಂಟೆಗೆ 100 ಮೈಲಿಯಂತೆ ಹಾರಿದರೆ ಗಾಳಿಯಲ್ಲಿ ಆರೂವರೆ ಗಂಟೆಗೆ ಸ್ವಲ್ಪ ಕಡಿಮೆ. ನೆಲದ ಮೇಲೆ ಉಳಿಯುವುದು ಸುಮಾರು 50 ನಿಮಿಷ. (ಮುಂಬೈ ಆಗ ಭಾರತೀಯ ಕಾಲಮಾನಕ್ಕಿಂತ 39 ನಿಮಿಷ ಹಿಂದಿನ ತನ್ನದೇ ಗಡಿಯಾರವನ್ನೂ ಇಟ್ಟುಕೊಂಡಿತ್ತು; ಈ ಲೆಕ್ಕದಲ್ಲಿ ಆ ಸಡಿಲಿಕೆ ಇರಲಿ.) ಅಹಮದಾಬಾದಿನಲ್ಲಿ ಪೆಟ್ರೋಲು ಬಂದದ್ದು ಬರ್ಮಾ ಶೆಲ್‌ನವರ ಎತ್ತಿನ ಗಾಡಿಯಲ್ಲಿ, ನಾಲ್ಕು ಗ್ಯಾಲನ್ ಡಬ್ಬಗಳಲ್ಲಿ. ಒಂದು ಡಬ್ಬಕ್ಕೆ 18 ಲೀಟರ್, ಸುಮಾರು 13 ಕಿಲೋ ಭಾರ. ಹತ್ತು ಡಬ್ಬ ಸುರಿದರೆ 130 ಕಿಲೋ, ಹೊತ್ತ ಅಂಚೆಯ ಐದು ಪಾಲು. ಪುಸ್ ಮಾತ್‌ನ ರೆಕ್ಕೆ ತಲೆಯ ಮೇಲಿದೆ. ಒಂದೊಂದು ಡಬ್ಬವನ್ನೂ ಅಷ್ಟೆತ್ತರಕ್ಕೆ ಎತ್ತಿ, ಸುರಿದು, ಖಾಲಿ ಡಬ್ಬ ಇಳಿಸಿ ಇನ್ನೊಂದನ್ನು ತೆಗೆದುಕೊಳ್ಳಲು ಮೂರು ನಾಲ್ಕು ನಿಮಿಷ ಹಿಡಿದರೂ ಅರ್ಧ ಗಂಟೆಯ ಮೇಲಾಯಿತು. ಸಿಮ್ಯುಲೇಟರಿನಲ್ಲಿ ಇಂಧನದ ಪಟ್ಟಿ ತೆರೆದು ಒಂದು ಗುಂಡಿ ಒತ್ತಿದರೆ ಟ್ಯಾಂಕ್ ತುಂಬುತ್ತದೆ. ನಾನು ಆ ಗುಂಡಿಯನ್ನು ಬಿಟ್ಟು, ನಾಲ್ಕು ನಿಮಿಷಕ್ಕೆ 18 ಲೀಟರಿನಂತೆ ಮುಳ್ಳು ಏರುವ ಹಾಗೆ ಪುಟ್ಟ ಸಾಲೊಂದನ್ನು ಬರೆದು ಸೇರಿಸಿದ್ದೇನೆ. ಅಹಮದಾಬಾದಿನ ಬಯಲಲ್ಲಿ ವಿಮಾನ 40 ನಿಮಿಷ ಸುಮ್ಮನೆ ನಿಂತಿರುತ್ತದೆ. ಬಳ್ಳಾರಿಯ ನೆಲವನ್ನು ಕಟ್ಟುವುದು ಇನ್ನೂ ಬಾಕಿಯಿದೆ.