ತೆರವಾದ ಸ್ಥಾನಗಳ ಚರಿತ್ರೆ: ಕೆಂಗಲ್ ಸೀಮೆಯ ಚುನಾವಣೆಗಳು

ರಾಮನಗರ ಮತ್ತು ಚನ್ನಪಟ್ಟಣಗಳ ನಡುವೆ, ಹಳೆಯ ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿರುವ ಕೆಂಗಲ್ ಮೂಲತಃ ಒಂದು ದೇವನೆಲೆ. ಕೆಂಪು ಕಲ್ಲಿನ ಆಂಜನೇಯನಿಂದ ಸ್ಥಳಕ್ಕೆ ಈ ಹೆಸರು ಬಂದಿದೆ. ಜನರ ಬಾಯಲ್ಲಿ ಇದು ಅಯ್ಯನಗುಡಿ. ಸಂಕ್ರಾಂತಿಯ ಆಸುಪಾಸಿನಲ್ಲಿ ಇಲ್ಲಿ ಸೇರುವ ದನಗಳ ಜಾತ್ರೆ ಹೆಸರಾದುದು. ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ 1908ರಲ್ಲಿ ಹುಟ್ಟಿದ ಹನುಮಂತಯ್ಯನವರು ಈ ದೇವರ ಭಕ್ತರಾಗಿ ‘ಕೆಂಗಲ್’ ಎಂಬುದನ್ನು ತಮ್ಮ ಹೆಸರಿಗೆ ಸೇರಿಸಿಕೊಂಡರು. ಒಂದು ಗುಡಿಯ ಹೆಸರು ಹೀಗೆ ರಾಜ್ಯದ ರಾಜಕೀಯ ಚರಿತ್ರೆಯನ್ನು ಪ್ರವೇಶಿಸಿತು.

ಈ ಸೀಮೆಯ ಚುನಾವಣಾ ಚರಿತ್ರೆಯನ್ನು ಸಾಮಾನ್ಯವಾಗಿ ಗೆದ್ದವರ ಪಟ್ಟಿಯಾಗಿ ನೋಡಲಾಗುತ್ತದೆ. ಪಟ್ಟಿಯೇನೋ ದೊಡ್ಡದೇ. ರಾಮನಗರ ಕ್ಷೇತ್ರವೊಂದರ ಶಾಸಕರಾಗಿದ್ದೇ ಕೆಂಗಲ್ ಹನುಮಂತಯ್ಯ, ಎಚ್.ಡಿ. ದೇವೇಗೌಡ, ಎಚ್.ಡಿ. ಕುಮಾರಸ್ವಾಮಿ ಈ ಮೂವರು ಮುಖ್ಯಮಂತ್ರಿ ಸ್ಥಾನದಲ್ಲಿದ್ದರು. ನೆರೆಯ ಕನಕಪುರವು ರಾಮಕೃಷ್ಣ ಹೆಗಡೆಯವರನ್ನು ಕಳುಹಿಸಿತು. ಆದರೆ ಇದೇ ಚರಿತ್ರೆಯನ್ನು ಗೆದ್ದವರು ಬಿಟ್ಟುಹೋದ ಸ್ಥಾನಗಳ ಕಡೆಯಿಂದಲೂ ಓದಬಹುದು. ಹಾಗೆ ಓದಿದಾಗ ಮತದಾರನ ಸ್ವಭಾವ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಆರಂಭದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ರಾಮನಗರದಿಂದ ಆರಿಸಿಬಂದ ಹನುಮಂತಯ್ಯನವರು ಆ ವರ್ಷದ ಮಾರ್ಚಿಯಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. 1956ರ ಆಗಸ್ಟಿನಲ್ಲಿ, ಏಕೀಕರಣಕ್ಕೆ ಕೆಲವೇ ವಾರಗಳಿರುವಾಗ, ಅಧಿಕಾರ ಬಿಟ್ಟರು. 1957ರಲ್ಲಿ ಮತ್ತೆ ರಾಮನಗರವೇ ಅವರನ್ನು ಆರಿಸಿತು. ಅವರು ಬೆಂಗಳೂರು ನಗರ ಲೋಕಸಭಾ ಕ್ಷೇತ್ರಕ್ಕೆ ಹೋದದ್ದು 1962ರಲ್ಲಿ. ನಾಯಕನ ಊರು, ಅವನ ದೇವರು, ಅವನ ಮತಕ್ಷೇತ್ರ ಮೂರೂ ಒಂದೇ ಆಗಿದ್ದ ಕಾಲವದು.

1983ರಲ್ಲಿ ಈ ಸಂಬಂಧ ಬದಲಾಯಿತು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದ ಹೆಗಡೆಯವರು ಆಗ ವಿಧಾನಸಭೆಯ ಸದಸ್ಯರಾಗಿರಲಿಲ್ಲ. ಕನಕಪುರದಿಂದ ಗೆದ್ದಿದ್ದ ಪಿ.ಜಿ.ಆರ್. ಸಿಂಧ್ಯ ತಮ್ಮ ಸ್ಥಾನವನ್ನು ತೆರವು ಮಾಡಿದರು. ಉತ್ತರ ಕನ್ನಡದ ಹೆಗಡೆಯವರು ಉಪಚುನಾವಣೆಯಲ್ಲಿ ಅಲ್ಲಿಂದ ಆಯ್ಕೆಯಾದರು. 1985ರಲ್ಲಿ ಅವರು ಬಸವನಗುಡಿಗೆ ಹೋದಾಗ ಕನಕಪುರ ಮರಳಿ ಸಿಂಧ್ಯ ಅವರನ್ನೇ ಗೆಲ್ಲಿಸಿತು. ಕ್ಷೇತ್ರವನ್ನು ಎರವಲು ಪಡೆದು ಹಿಂದಿರುಗಿಸಿದಂತೆ ತೋರುವ ಈ ಪ್ರಸಂಗದಲ್ಲಿ ಮತದಾರರಿಗೆ ಅಸಮಾಧಾನವಿದ್ದಂತೆ ಫಲಿತಾಂಶ ಹೇಳುವುದಿಲ್ಲ. ಅದೇ 1985ರಲ್ಲಿ ಪಕ್ಕದ ಸಾತನೂರಿನಲ್ಲಿ ಹೊಳೆನರಸೀಪುರದ ದೇವೇಗೌಡರು ಯುವ ಅಭ್ಯರ್ಥಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಮುಂದೆ ನಾಲ್ಕು ದಶಕ ನಡೆದ ಪೈಪೋಟಿಯ ಮೊದಲ ಸುತ್ತು ಇದು. 1989ರಲ್ಲಿ ಶಿವಕುಮಾರ್ ಸಾತನೂರನ್ನು ಗೆದ್ದುಕೊಂಡರು. 1999ರಲ್ಲಿ ಅಲ್ಲಿಯೇ ಕುಮಾರಸ್ವಾಮಿಯವರನ್ನು ಸೋಲಿಸಿದರು.

ದೇವೇಗೌಡರು 1994ರಲ್ಲಿ ರಾಮನಗರದಿಂದ ಗೆದ್ದು ಮುಖ್ಯಮಂತ್ರಿಯಾದರು, 1996ರ ಜೂನ್ 1ರಂದು ಪ್ರಧಾನಿಯಾದರು. ರಾಮನಗರಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇರೊಂದಿರಲಿಲ್ಲ. ಆದರೂ ಅವರು ತೆರವು ಮಾಡಿದ ಸ್ಥಾನಕ್ಕೆ ಉಪಚುನಾವಣೆ ನಡೆದಾಗ, ಹಳೆಯ ಮೈಸೂರಿನಲ್ಲಿ ಮನೆಮಾತಾಗಿದ್ದ ಚಿತ್ರನಟ ಅಂಬರೀಶ್ ಸೋತರು, ಸ್ಥಳೀಯರಾದ ಸಿ.ಎಂ. ಲಿಂಗಪ್ಪ ಗೆದ್ದರು. ದೊಡ್ಡವರು ಬಿಟ್ಟ ಜಾಗಕ್ಕೆ ಇನ್ನೊಬ್ಬ ಪ್ರಸಿದ್ಧನನ್ನು ತಂದು ನಿಲ್ಲಿಸಿದರೆ ಸಾಲದು ಎಂಬುದನ್ನು ಮತದಾರರು ಅಂದೇ ತಿಳಿಸಿದ್ದರು.

ಲೋಕಸಭೆಯ ಮಟ್ಟದಲ್ಲೂ ಇದೇ ಚಂಚಲತೆ ಕಾಣುತ್ತದೆ. 1967ರಲ್ಲಿ ಎಂ.ವಿ. ರಾಜಶೇಖರನ್ ಅವರನ್ನು ಆರಿಸಿದ್ದ ಕನಕಪುರ ಕ್ಷೇತ್ರ, 1977ರ ನಂತರ ದೀರ್ಘಕಾಲ ಎಂ.ವಿ. ಚಂದ್ರಶೇಖರಮೂರ್ತಿಯವರ ಕೈಯಲ್ಲಿತ್ತು. 1996ರಲ್ಲಿ ಕುಮಾರಸ್ವಾಮಿ ಇಲ್ಲಿಂದಲೇ ಮೊದಲ ಗೆಲುವು ಕಂಡು, 1998ರಲ್ಲಿ ಸೋತರು. ಚಂದ್ರಶೇಖರಮೂರ್ತಿಯವರ ನಿಧನದ ಬಳಿಕ 2002ರಲ್ಲಿ ನಡೆದ ಉಪಚುನಾವಣೆಯಲ್ಲಿ ದೇವೇಗೌಡರು ಶಿವಕುಮಾರ್ ಅವರನ್ನು ಸೋಲಿಸಿದರು. ಎರಡೇ ವರ್ಷಗಳಲ್ಲಿ, 2004ರಲ್ಲಿ, ರಾಜಕೀಯಕ್ಕೆ ಹೊಸಬರಾದ ಪತ್ರಕರ್ತೆ ತೇಜಸ್ವಿನಿ ಅದೇ ಕ್ಷೇತ್ರದಲ್ಲಿ ಮಾಜಿ ಪ್ರಧಾನಿಯನ್ನು ಸೋಲಿಸಿದರು. ಕ್ಷೇತ್ರ ಮರುವಿಂಗಡಣೆಯಾದಾಗ ಕನಕಪುರವೆಂಬ ಲೋಕಸಭಾ ಕ್ಷೇತ್ರವೇ ಇಲ್ಲವಾಗಿ ಬೆಂಗಳೂರು ಗ್ರಾಮಾಂತರ ರೂಪುಗೊಂಡಿತು. ಸಾತನೂರು ಕನಕಪುರ ವಿಧಾನಸಭಾ ಕ್ಷೇತ್ರದಲ್ಲಿ ಕರಗಿತು. ಮಾಗಡಿಯ ಕತೆ ಇವೆಲ್ಲಕ್ಕಿಂತ ಶಾಂತವಾದುದು; ಇಂಥ ಸ್ಥಳಾಂತರಗಳ ಒತ್ತಡ ಅದರ ಮೇಲೆ ಅಷ್ಟಾಗಿ ಬೀಳಲಿಲ್ಲ.

ರಾಮನಗರದಲ್ಲಿ ತೆರವು ಮತ್ತೆ ಮತ್ತೆ ಬಂದಿತು. 2004 ಮತ್ತು 2008ರಲ್ಲಿ ಇಲ್ಲಿಂದ ಗೆದ್ದ ಕುಮಾರಸ್ವಾಮಿ 2009ರಲ್ಲಿ ಲೋಕಸಭೆಗೆ ಹೋದಾಗ ಅವರದೇ ಪಕ್ಷದ ಕೆ. ರಾಜು ಆಯ್ಕೆಯಾದರು. 2018ರಲ್ಲಿ ರಾಮನಗರ, ಚನ್ನಪಟ್ಟಣ ಎರಡನ್ನೂ ಗೆದ್ದ ಕುಮಾರಸ್ವಾಮಿ ಚನ್ನಪಟ್ಟಣವನ್ನು ಉಳಿಸಿಕೊಂಡರು. ಬಿಟ್ಟ ರಾಮನಗರದಲ್ಲಿ ಅನಿತಾ ಕುಮಾರಸ್ವಾಮಿ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಆ ಅಂತರವನ್ನು ಜನಾಭಿಪ್ರಾಯದ ಅಳತೆಯೆಂದು ತೆಗೆದುಕೊಳ್ಳುವಂತಿಲ್ಲ, ಏಕೆಂದರೆ ಮತದಾನಕ್ಕೆ ಎರಡು ದಿನವಿರುವಾಗ ಬಿಜೆಪಿ ಅಭ್ಯರ್ಥಿಯೇ ಕಣದಿಂದ ಹಿಂದೆ ಸರಿದಿದ್ದರು. ನಿಜವಾದ ಅಳತೆ ಸಿಕ್ಕಿದ್ದು 2023ರಲ್ಲಿ: ಕಾಂಗ್ರೆಸ್ಸಿನ ಇಕ್ಬಾಲ್ ಹುಸೇನ್ ಅವರು ನಿಖಿಲ್ ಕುಮಾರಸ್ವಾಮಿಯವರನ್ನು ಸೋಲಿಸಿದರು.

ಜಾನಪದ ಅಧ್ಯಯನದ ದೃಷ್ಟಿಯಿಂದ ಚನ್ನಪಟ್ಟಣ ಇನ್ನೂ ಕುತೂಹಲಕರವಾದುದು. ಇಲ್ಲಿ 1999ರಲ್ಲಿ ಪಕ್ಷೇತರರಾಗಿ ಗೆದ್ದ ಸಿ.ಪಿ. ಯೋಗೇಶ್ವರ್, ಮುಂದೆ ಕಾಂಗ್ರೆಸ್ (2004, 2008), ಬಿಜೆಪಿ (2011ರ ಉಪಚುನಾವಣೆ), ಸಮಾಜವಾದಿ ಪಕ್ಷ (2013) ಇವುಗಳ ಚಿಹ್ನೆಗಳ ಮೇಲೆ ಗೆದ್ದರು. ನಡುವೆ 2009ರ ಉಪಚುನಾವಣೆಯಲ್ಲಿ ಜೆಡಿಎಸ್‌ನ ಎಂ.ಸಿ. ಅಶ್ವಥ್ ಅವರೆದುರು ಸೋತದ್ದೂ ಉಂಟು. ಪಕ್ಷಾಂತರವನ್ನು ಕೇವಲ ಅವಕಾಶವಾದವೆಂದು ಬರೆದುಬಿಟ್ಟರೆ ಮತದಾರರ ಲೆಕ್ಕ ಅರ್ಥವಾಗುವುದಿಲ್ಲ. ಶಿಂಷಾ ನದಿಯ ಇಗ್ಗಲೂರು ಅಣೆಕಟ್ಟಿನ ನೀರಿನಿಂದ ತಾಲ್ಲೂಕಿನ ಕೆರೆಗಳನ್ನು ತುಂಬಿಸಿದ ಯೋಜನೆಯೇ ಅವರ ಬಂಡವಾಳ. ಅವರ ಬೆಂಬಲಿಗರು ಅವರನ್ನು ‘ಭಗೀರಥ’ ಎಂದು ಕರೆದರು. ಆ ಅಣೆಕಟ್ಟಿಗಿರುವ ಹೆಸರು ದೇವೇಗೌಡರದು ಎಂಬುದು ಪ್ರಚಾರದ ಉದ್ದಕ್ಕೂ ಎದುರು ವಾದವಾಗಿ ನಿಂತಿತು. ಹೀಗೆ ಒಂದೇ ನೀರಿಗೆ ಇಬ್ಬರು ಭಗೀರಥರು. ನೀರನ್ನು ತಂದವನಿಗೆ ಊರು ಋಣಿಯಾಗಿರಬೇಕೆಂಬ ಕೆರೆಕತೆಗಳ ಹಳೆಯ ನಂಬಿಕೆ ಮತಪೆಟ್ಟಿಗೆಯ ಭಾಷೆಯಾಗಿ ಬದಲಾದ ಬಗೆ ಇದು. ಅದರ ಎದುರಿಗೆ ನಿಂತದ್ದು ‘ಮನೆಮಗ’ ಎಂಬ ಇನ್ನೊಂದು ಮಾತು. ಹೊರಗಿನಿಂದ ಬಂದವನನ್ನು ರಕ್ತಸಂಬಂಧದ ಪರಿಭಾಷೆಯೊಳಗೆ ತಂದು ಊರಿನವನನ್ನಾಗಿಸುವ ಕೆಲಸವನ್ನು ಈ ಪದ ಮಾಡುತ್ತದೆ.

2018 ಮತ್ತು 2023ರಲ್ಲಿ ಮನೆಮಗನ ಮಾತು ಗೆದ್ದಿತು. ಎರಡೂ ಬಾರಿ ಕುಮಾರಸ್ವಾಮಿ ಯೋಗೇಶ್ವರ್ ಅವರನ್ನು ಸೋಲಿಸಿದರು. 2024ರಲ್ಲಿ ಅವರು ಮಂಡ್ಯದ ಸಂಸದರಾದ್ದರಿಂದ ಚನ್ನಪಟ್ಟಣ ತೆರವಾಯಿತು. ಬಿಜೆಪಿ ತೊರೆದು ಕಾಂಗ್ರೆಸ್ ಸೇರಿದ ಯೋಗೇಶ್ವರ್, ಆ ವರ್ಷದ ನವೆಂಬರಿನ ಉಪಚುನಾವಣೆಯಲ್ಲಿ ನಿಖಿಲ್ ಅವರನ್ನು 25,413 ಮತಗಳಿಂದ ಸೋಲಿಸಿದರು. ಅದಕ್ಕೆ ಕೆಲವೇ ತಿಂಗಳು ಮೊದಲು ಬೆಂಗಳೂರು ಗ್ರಾಮಾಂತರದ ಲೋಕಸಭಾ ಮತದಾರರು, 2013ರ ಉಪಚುನಾವಣೆಯಿಂದ ಸಂಸದರಾಗಿದ್ದ ಡಿ.ಕೆ. ಸುರೇಶ್ ಅವರನ್ನು ಬದಿಗಿಟ್ಟು, ದೇವೇಗೌಡರ ಅಳಿಯ ಡಾ. ಸಿ.ಎನ್. ಮಂಜುನಾಥ್ ಅವರನ್ನು ಎರಡೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಆರಿಸಿದ್ದರು. ಒಂದೇ ವರ್ಷದಲ್ಲಿ ಅದೇ ಕುಟುಂಬದ ಒಬ್ಬರಿಗೆ ಒಲಿದು ಇನ್ನೊಬ್ಬರಿಗೆ ಒಲಿಯದ ಈ ಮತದಾರರನ್ನು ಒಂದು ಮನೆತನದ ಭದ್ರಕೋಟೆಯ ಪ್ರಜೆಗಳೆಂದು ವರ್ಣಿಸುವ ರೂಢಿಯನ್ನು ಇನ್ನಾದರೂ ಪರಿಶೀಲಿಸಬೇಕಾಗಿದೆ. 2007ರಲ್ಲಿ ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗ ರಚನೆಯಾದ ರಾಮನಗರ ಜಿಲ್ಲೆಗೆ, ಶಿವಕುಮಾರ್ ಉಪಮುಖ್ಯಮಂತ್ರಿಯಾಗಿದ್ದ 2025ರ ಮೇ ತಿಂಗಳಲ್ಲಿ, ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು.