ಹಾಡುವವನ ಕೈಯ ತಂತಿ: ಹಾವೇರಿ ಸೀಮೆಯ ಮೀಟುವಾದ್ಯಗಳ ಚರಿತ್ರೆ

ವರದಾ ಮತ್ತು ತುಂಗಭದ್ರಾ ನದಿಗಳ ನಡುವಿನ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯು ಹೊರಗಿನವರಿಗೆ ಏಲಕ್ಕಿ ಹಾರ, ಬಿತ್ತನೆ ಬೀಜ ಮತ್ತು ಕೆಂಪು ಮೆಣಸಿನಕಾಯಿಗಳಿಂದ ಪರಿಚಿತವಾಗಿದ್ದರೂ, ಕರ್ನಾಟಕದ ಗಾಯನ ಚರಿತ್ರೆಯಲ್ಲಿ ಅದಕ್ಕೆ ಬೇರೆಯದೇ ಆದ ಸ್ಥಾನವಿದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದ ಈ ಭೂಭಾಗದಲ್ಲಿ ಹಾಡುವವನೇ ತಂತಿಯನ್ನು ಮೀಟುತ್ತ, ತನ್ನ ಶ್ರುತಿಯನ್ನು ತಾನೇ ಹಿಡಿದು, ಜನರ ಎದುರು ಕುಳಿತು ಹಾಡುವ ಪದ್ಧತಿಯು ಹಲವು ಶತಮಾನಗಳಿಂದ ನಡೆದುಬಂದಿದೆ. ಬೆರಳಿನಿಂದಲೋ ಸಣ್ಣ ಕಡ್ಡಿಯಿಂದಲೋ ತಂತಿಯನ್ನು ಎಳೆದು ಬಿಟ್ಟು ನಾದ ಹೊರಡಿಸುವ ವಾದ್ಯಗಳನ್ನು ಮೀಟುವಾದ್ಯಗಳೆನ್ನುತ್ತಾರೆ. ಕಿನ್ನರಿ, ತಂಬೂರಿ, ಏಕತಾರಿ, ಚೌಡಿಕೆಗಳಂತೆಯೇ ಇಂದಿನ ಗಿಟಾರೂ ಇದೇ ಕುಲಕ್ಕೆ ಸೇರಿದುದು. ವಾದ್ಯಗಳು ಕಾಲಕಾಲಕ್ಕೆ ಬದಲಾದರೂ ಹಾಡು ಮತ್ತು ತಂತಿ ಒಂದೇ ಮನುಷ್ಯನ ವಶದಲ್ಲಿರಬೇಕೆಂಬ ಪದ್ಧತಿ ಉಳಿದುಬಂದಿರುವುದೇ ಈ ಸೀಮೆಯ ಸಂಗೀತದ ಮುಖ್ಯ ಲಕ್ಷಣ.

ಕನ್ನಡ ನಾಡಿನಲ್ಲಿ ಈ ಪದ್ಧತಿಯ ಹಳೆಯ ಕುರುಹು ಕಿನ್ನರಿಯಲ್ಲಿ ಸಿಗುತ್ತದೆ. ಬಿದಿರಿನ ದಂಡಿಗೆಗೆ ಸೋರೆಬುರುಡೆಗಳನ್ನು ಕಟ್ಟಿ, ಮೇಲೆ ತಂತಿ ಬಿಗಿದು, ಸ್ವರಸ್ಥಾನಗಳಿಗೆ ಮೆಟ್ಟಿಲುಗಳನ್ನು ಕೂರಿಸಿದ ವೀಣೆಯ ಜಾತಿಯ ವಾದ್ಯವೇ ಕಿನ್ನರಿ. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಬ್ಬನಾದ ಕಿನ್ನರಿ ಬೊಮ್ಮಯ್ಯನಿಗೆ ಈ ವಾದ್ಯವೇ ಹೆಸರಿನ ಭಾಗವಾಯಿತು. ಹದಿಮೂರನೆಯ ಶತಮಾನದಲ್ಲಿ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದಲ್ಲಿ ಒಂದೇ ತಂತಿಯ ಏಕತಂತ್ರಿಯನ್ನೂ ಕಿನ್ನರಿಯ ಪ್ರಭೇದಗಳನ್ನೂ ವಿವರವಾಗಿ ವರ್ಣಿಸಿದ್ದಾನೆ. ಸಿಂಘಣನ ಆಳ್ವಿಕೆ ಕನ್ನಡ ನಾಡಿನ ಈ ಭಾಗಕ್ಕೂ ಚಾಚಿತ್ತಾದ್ದರಿಂದ, ಆ ಗ್ರಂಥದಲ್ಲಿ ಕಾಣುವ ವಾದ್ಯಪ್ರಪಂಚವು ಈ ಸೀಮೆಗೆ ತೀರ ದೂರದ್ದೇನಲ್ಲ. ಪಂಡಿತರ ಗ್ರಂಥದಲ್ಲಿ ಲಕ್ಷಣ ಪಡೆದ ಒಂಟಿತಂತಿಯ ವಾದ್ಯವೂ ಹಳ್ಳಿಯ ಹಾಡುಗಾರನ ಕೈಯಲ್ಲಿರುವ ಏಕತಾರಿಯೂ ರಚನೆಯಲ್ಲಿ ಹತ್ತಿರದ ಬಂಧುಗಳು.

ಹದಿನಾರನೆಯ ಶತಮಾನದ ಹೊತ್ತಿಗೆ ಹರಿದಾಸರ ಪರಂಪರೆಯು ತಂಬೂರಿಯನ್ನು ಭಕ್ತಿಗಾಯನದ ಗುರುತನ್ನಾಗಿ ಮಾಡಿತ್ತು. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ತಮ್ಮ ಕೀರ್ತನೆಗಳ ಅಂಕಿತವಾಗಿಸಿಕೊಂಡರು. ಅಂಕಿತವೆಂದರೆ ರಚನೆಯ ಕೊನೆಯಲ್ಲಿ ಕವಿಯು ಇಷ್ಟದೈವದ ಹೆಸರಿನಲ್ಲಿ ಒತ್ತುವ ಮುದ್ರೆ. ಹೆಗಲಿಗೆ ತಂಬೂರಿ, ಕೈಯಲ್ಲಿ ಚಿಟಿಕೆ ತಾಳ, ಕಾಲಿಗೆ ಗೆಜ್ಜೆ ಎಂಬ ದಾಸರ ಚಿತ್ರವು ಜನಮನದಲ್ಲಿ ನೆಲೆಯಾಗಲು ಕಾರಣವಿದೆ. ಊರೂರು ತಿರುಗುವ ಹಾಡುಗಾರನಿಗೆ ಪಕ್ಕವಾದ್ಯದವರನ್ನು ಕಟ್ಟಿಕೊಂಡು ನಡೆಯುವುದು ಸಾಧ್ಯವಿರಲಿಲ್ಲ. ಹೊತ್ತೊಯ್ಯಲು ಹಗುರವಾದ, ಒಡೆದರೆ ಹೊಲದ ಸೋರೆಕಾಯಿಯಿಂದಲೇ ಮತ್ತೆ ಮಾಡಿಕೊಳ್ಳಬಹುದಾದ ವಾದ್ಯವೇ ಅವನಿಗೆ ತಕ್ಕದಾಗಿತ್ತು.

ಹಾಡುವವನೇ ತಂತಿ ಮೀಟುವ ಈ ಪರಂಪರೆಯು ತನ್ನ ಅತ್ಯುನ್ನತ ರೂಪವನ್ನು ಪಡೆದದ್ದು ಶಿಗ್ಗಾವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ ಬಾಳಿದ ಶರೀಫರಲ್ಲಿ (1819–1889). ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದ ಶರೀಫರು ರಚಿಸಿದವು ತತ್ವಪದಗಳು, ಅಂದರೆ ಅನುಭಾವದ ಮಾತನ್ನು ದಿನಬಳಕೆಯ ವಸ್ತುಗಳ ಮೂಲಕ ಹೇಳುವ, ಗುರುಶಿಷ್ಯರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದ ಹಾಡುಗಳು. ಸೋರುವ ಮಾಳಿಗೆ, ಗುಡುಗುಡಿ, ಕೋಳಿ, ಗಿರಣಿ ಎಲ್ಲವೂ ಆ ಪದಗಳಲ್ಲಿ ತತ್ವದ ಭಾಷೆಯಾದವು. ತಂಬೂರಿಯನ್ನೇ ವಸ್ತುವಾಗಿಸಿಕೊಂಡ ಅವರ ಪ್ರಸಿದ್ಧ ಪದವೊಂದು ಸ್ವರದ ಅರಿವಿಲ್ಲದವನು ಆ ವಾದ್ಯಕ್ಕೆ ಕೈಹಾಕಬಾರದೆಂದು ಎಚ್ಚರಿಸುತ್ತದೆ. ಅಲ್ಲಿ ತಂಬೂರಿಯು ಮರ ಮತ್ತು ತಂತಿಗಳ ವಾದ್ಯವೂ ಹೌದು, ಸಾಧಕನ ದೇಹವೂ ಹೌದು. ಶ್ರುತಿ ಕೂಡಿಸುವುದೆಂದರೆ ಮನಸ್ಸನ್ನು ಹದಗೊಳಿಸುವುದೂ ಹೌದು. ಹಾಡುಗಾರನಾಗಿ ಬದುಕಿದವನಿಗಲ್ಲದೆ ಈ ರೂಪಕ ಹೊಳೆಯುವುದು ಕಷ್ಟ.

ಆ ರೂಪಕದ ಬಲವನ್ನು ತಿಳಿಯಲು ಹಳ್ಳಿಯ ಹಾಡುಗಾರನ ಒಂಟಿತಂತಿಯ ತಂಬೂರಿಯನ್ನೇ ಹತ್ತಿರದಿಂದ ನೋಡಬೇಕು. ಬಲಿತ ಸೋರೆಕಾಯಿಯನ್ನು ಬಳ್ಳಿಯಲ್ಲಿಯೇ ಒಣಗಲು ಬಿಟ್ಟು, ಒಳಗಿನ ತಿರುಳನ್ನೂ ಬೀಜವನ್ನೂ ತೆಗೆದರೆ ಟೊಳ್ಳು ಬುರುಡೆ ಸಿದ್ಧವಾಗುತ್ತದೆ. ಬುರುಡೆಯ ಬಾಯಿಗೆ ತೆಳುವಾದ ಚರ್ಮವನ್ನೋ ಹಲಗೆಯನ್ನೋ ಮುಚ್ಚಿ, ಬಿದಿರಿನ ಇಲ್ಲವೆ ಮರದ ದಂಡಿಯನ್ನು ತೂರಿಸಿ, ಕೆಳತುದಿಯಿಂದ ಹೊರಟ ತಂತಿಯನ್ನು ಕುದುರೆಯ ಮೇಲೆ ಹಾಯಿಸಿ ಮೇಲಿನ ಬಿರಡೆಗೆ ಸುತ್ತುತ್ತಾರೆ. ಕುದುರೆಯೆಂದರೆ ತಂತಿಯ ನಡುಕವನ್ನು ಬುರುಡೆಗೆ ದಾಟಿಸುವ ಸಣ್ಣ ತುಂಡು. ಬಿರಡೆಯೆಂದರೆ ತಂತಿಯನ್ನು ಬಿಗಿಗೊಳಿಸುವ ತಿರುಪು. ಹಾಡುಗಾರನು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸಿ ತನ್ನ ಕಂಠದ ಆಧಾರಸ್ವರವಾದ ಷಡ್ಜಕ್ಕೆ ತಂತಿಯನ್ನು ಸೇರಿಸಿಕೊಂಡು, ತೋರುಬೆರಳಿನಿಂದ ಮೀಟುತ್ತ, ಮತ್ತೊಂದು ಕೈಯಲ್ಲಿ ತಾಳ ಹಿಡಿದು ಹಾಡುತ್ತಾನೆ. ತಂತಿ ಒಂದೇ ಆಗಿರುವುದರಿಂದ ತಪ್ಪನ್ನು ಮರೆಮಾಡಲು ಅಲ್ಲಿ ಬೇರೇನೂ ಇರುವುದಿಲ್ಲ. ಕಂಠ ಕದಲಿದರೆ ಕೇಳುಗನಿಗೆ ಕೂಡಲೇ ತಿಳಿಯುತ್ತದೆ.

ಈ ವಾದ್ಯದ ನಿಜವಾದ ವೇದಿಕೆ ಭಜನೆ. ಅಮಾವಾಸ್ಯೆ, ಹುಣ್ಣಿಮೆ, ಶ್ರಾವಣದ ಸೋಮವಾರಗಳಲ್ಲಿ ಮಠದ ಅಂಗಳದಲ್ಲೋ ಗುಡಿಯ ಕಟ್ಟೆಯ ಮೇಲೋ ಕೂಡುವ ಭಜನಿ ಮೇಳವು ರಾತ್ರಿ ಊಟ ಮುಗಿಸಿದ ಬಳಿಕ ಹಾಡಲು ತೊಡಗಿದರೆ ಅನೇಕ ವೇಳೆ ಕೋಳಿ ಕೂಗುವವರೆಗೂ ನಿಲ್ಲಿಸುವುದಿಲ್ಲ. ಮುಂದಾಳು ಒಂದು ನುಡಿಯನ್ನು ಹಾಡಿದರೆ ಉಳಿದವರು ಪಲ್ಲವಿಯನ್ನು ಹಿಡಿದು ಎತ್ತಿಕೊಡುತ್ತಾರೆ. ಚರ್ಮವಾದ್ಯವಾದ ದಮ್ಮಡಿ ಮತ್ತು ತಾಳಗಳು ಗತಿಯನ್ನು ಕಾಯುತ್ತವೆ. ಹೊಲದ ಕೆಲಸ ಮುಗಿಸಿ ಬಂದ ರೈತನೂ ನೇಕಾರನೂ ಬಡಿಗನೂ ಒಂದೇ ಚಾಪೆಯ ಮೇಲೆ ಕುಳಿತು ಹಾಡುವ ಈ ಕೂಟದಲ್ಲಿ ಕೇಳುಗನಿಗೂ ಹಾಡುಗಾರನಿಗೂ ನಡುವೆ ಎತ್ತರದ ರಂಗವಿಲ್ಲ. ಮೀಟುವ ಬೆರಳನ್ನು ಮೊಳದಷ್ಟು ದೂರದಿಂದ ನೋಡುತ್ತ ಬೆಳೆದ ಹುಡುಗನೇ ಮುಂದೆ ತಂಬೂರಿ ಹಿಡಿಯುತ್ತಾನೆ. ಕಲಿಕೆಗೆ ಅಲ್ಲಿ ಬೇರೆ ಶಾಲೆಯಿಲ್ಲ.

ತಂಬೂರಿಯ ಪಕ್ಕದಲ್ಲಿಯೇ ಉತ್ತರ ಕರ್ನಾಟಕದ ಮತ್ತೊಂದು ಮೀಟುವಾದ್ಯವಾದ ಚೌಡಿಕೆಯನ್ನು ಇಡಬೇಕು. ಸವದತ್ತಿಯ ಎಲ್ಲಮ್ಮನ ಭಕ್ತರಾದ ಜೋಗತಿಯರು ಮತ್ತು ಜೋಗಪ್ಪಗಳು ನುಡಿಸುವ ಈ ವಾದ್ಯವು ಕೊಳಗದ ಆಕಾರದ ಮರದ ಪಾತ್ರೆ. ಅದರ ತಳಕ್ಕೆ ಚರ್ಮ ಬಿಗಿದು, ಚರ್ಮದ ನಡುವಿನಿಂದ ಹೊರಟ ತಂತಿಯನ್ನು ಪಕ್ಕದ ಕೋಲಿನ ಬಿರಡೆಗೆ ಕಟ್ಟಿ, ಸಣ್ಣ ಕಡ್ಡಿಯಿಂದ ಮೀಟುತ್ತಾರೆ. ತಂಬೂರಿಯು ಶ್ರುತಿಯನ್ನು ಮಾತ್ರ ಕೊಡುತ್ತದೆ. ಚೌಡಿಕೆಯು ಶ್ರುತಿಯೊಂದಿಗೆ ಲಯವನ್ನೂ ಕೊಡುವುದರಿಂದ ಅದು ಕುಣಿತಕ್ಕೂ ಕಥನಕ್ಕೂ ಒದಗುತ್ತದೆ. ಸಮಾಜವು ಅಂಚಿಗೆ ತಳ್ಳಿದ ಸಮುದಾಯದ ಕೈಯಲ್ಲಿ ಉಳಿದುಬಂದ ಈ ಕಲೆಗೆ ಗೌರವ ಸಿಕ್ಕಿದ್ದು ಬಹಳ ತಡವಾಗಿ. ಜೋಗತಿ ಕಲೆಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಘೋಷಣೆಯಾದದ್ದು ಆ ದೃಷ್ಟಿಯಿಂದ ಮಹತ್ವದ ಸಂಗತಿ.

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇದೇ ಸೀಮೆಯು ಶಾಸ್ತ್ರೀಯ ಸಂಗೀತಕ್ಕೂ ದಾರಿ ತೆರೆಯಿತು. ರಾಣೆಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ 1867ರಲ್ಲಿ ಹುಟ್ಟಿದ ಹಾನಗಲ್ಲ ಕುಮಾರ ಸ್ವಾಮಿಗಳು ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನ ಕಂಠವನ್ನು ಗುರುತಿಸಿ ವಿದ್ಯೆ ಕೊಡಿಸಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳಾಗಿ (1892–1944), ಅಂಧರಿಗೂ ಅನಾಥರಿಗೂ ಸಂಗೀತ ಕಲಿಸುವ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಈಗಿನ ಹಾವೇರಿ ಜಿಲ್ಲೆಯ ನೆಲದಲ್ಲಿಯೇ ಹುಟ್ಟಿದವರು. ಅತ್ತ ಧಾರವಾಡದಲ್ಲಿ ರಹಿಮತ್ ಖಾನರು ನೆಲೆನಿಂತು ಸಿತಾರಿಗೆ ಮನೆತನದ ಪರಂಪರೆಯನ್ನು ಹಾಕಿಕೊಟ್ಟರು. ಅವರ ಮೊಮ್ಮಗ ಬಾಲೇಖಾನರವರೆಗೆ ಆ ನಾದ ಹರಿದುಬಂತು. ಭಜನೆಯಲ್ಲಿ ಹದಗೊಂಡ ಕಿವಿಗಳು ಈ ಕಲಾವಿದರನ್ನು ಎದುರಿಗೆ ಕುಳಿತು ಕೇಳಲು ಮೊದಲೇ ಅಣಿಯಾಗಿದ್ದವು.

ಹಾರ್ಮೋನಿಯಂ ಮತ್ತು ಧ್ವನಿವರ್ಧಕ ಬಂದ ಮೇಲೆ ಒಂಟಿತಂತಿಯ ಮೆಲುದನಿ ಹಿಂದೆ ಸರಿಯಿತು. ಹಾರ್ಮೋನಿಯಂ ಸ್ವರವನ್ನು ದೊಡ್ಡದಾಗಿ, ಸ್ಥಿರವಾಗಿ ಕೊಡುತ್ತದೆಯಾದ್ದರಿಂದ ಅನೇಕ ಮೇಳಗಳಲ್ಲಿ ತಂಬೂರಿಯು ಕೇಳುವ ವಾದ್ಯವಾಗಿರುವುದಕ್ಕಿಂತ ಕಾಣುವ ಗುರುತಾಯಿತು. ಇನ್ನೊಂದು ಕಡೆ ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣನವರು ಶರೀಫರ ಪದಗಳನ್ನು ಸುಗಮ ಸಂಗೀತದ ವೇದಿಕೆಗೆ ತಂದರು, 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರವು ಅವನ್ನು ನಾಡಿನ ಮನೆಮನೆಗೂ ಮುಟ್ಟಿಸಿತು.

ಗಿಟಾರು ಈ ಚರಿತ್ರೆಯೊಳಗೆ ಬಂದದ್ದು ಇಲ್ಲಿಂದ ಮುಂದೆ. ಸ್ಪೇನಿನಲ್ಲಿ ರೂಪುಗೊಂಡ, ಆರು ತಂತಿಗಳ, ವಿದ್ಯುತ್ತಿನ ನೆರವಿಲ್ಲದೆ ಟೊಳ್ಳು ಮರದ ಒಡಲಿನಲ್ಲಿಯೇ ನಾದವನ್ನು ಹಿಗ್ಗಿಸುವ ಅಕೂಸ್ಟಿಕ್ ಗಿಟಾರನ್ನು ಹಿಡಿದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಶರೀಫರ ಪದಗಳನ್ನು ಹಾಡಿದರು. ಅವರ ತಂಡದ 2008ರ ಮೊದಲ ಆಲ್ಬಂನಲ್ಲಿ ಗುಡುಗುಡಿಯ ಪದವಿತ್ತು. 2013ರ ಆಲ್ಬಂನಲ್ಲಿಯೂ ಶರೀಫರ ಪದವೊಂದು ಸೇರಿತು. ಶಿಶುವಿನಹಾಳದ ಅಂಗಳದಲ್ಲಿ ಹುಟ್ಟಿದ ಹಾಡನ್ನು ಕನ್ನಡ ತಿಳಿಯದ ಕೇಳುಗರೂ ದೂರದ ನಗರಗಳಲ್ಲಿ ಕೇಳುವಂತಾಯಿತು. ಆರು ತಂತಿಗಳ ಮೇಳಸ್ವರವು ಏಕತಾರಿಯ ಒಂಟಿನಾದಕ್ಕಿಂತ ಬೇರೆಯಾದುದು, ಆ ಪದಗಳ ಏಕಾಂತವನ್ನು ಅದು ಕೊಂಚ ಕದಡುತ್ತದೆ ಎಂಬ ಆಕ್ಷೇಪಕ್ಕೆ ಆಧಾರವಿಲ್ಲದಿಲ್ಲ. ಆದರೂ ಹಾಡುವವನೇ ನಿಂತು ತನ್ನ ತಂತಿಯನ್ನು ತಾನೇ ಮೀಟುತ್ತ ಎದುರಿನ ಜನರನ್ನು ಪಲ್ಲವಿಗೆ ಸೇರಿಸಿಕೊಳ್ಳುವ ಆ ರೀತಿಯಲ್ಲಿ ಭಜನಿ ಮೇಳದ ಹಳೆಯ ಶಿಸ್ತು ಮರಳಿ ಕಾಣುತ್ತದೆ.

ಆದ್ದರಿಂದ ಈ ಸೀಮೆಯ ಮೀಟುವಾದ್ಯಗಳ ಚರಿತ್ರೆಯನ್ನು ಹಳೆಯ ವಾದ್ಯ ಅಳಿದು ಹೊಸದು ಬಂದ ಕಥೆಯೆಂದು ಓದುವುದು ತಪ್ಪಾಗುತ್ತದೆ. ಒಂದು ಹಾಡುಗಾರಿಕೆಯು ತನಗೆ ಒದಗಿದ ತಂತಿಯನ್ನು ಕೈಗೆತ್ತಿಕೊಳ್ಳುತ್ತ ಬಂದ ಕಥೆಯೆಂದು ಓದುವುದೇ ಸರಿ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಅಂಥ ಸಂಸ್ಥೆಗಳಲ್ಲಿ ಪದಗಳ ಪಠ್ಯ ಸಂಗ್ರಹಿಸಿದಷ್ಟೇ ಶ್ರದ್ಧೆಯಿಂದ ಅವನ್ನು ಮೀಟಿ ಹಾಡುವವರ ಹೆಸರು, ಅವರು ಶ್ರುತಿ ಕೂಡಿಸುವ ಬಗೆ, ಬುರುಡೆ ಹದಮಾಡುವವರ ಕೈಚಳಕ ಇವೆಲ್ಲ ದಾಖಲಾಗಬೇಕು. ಪುಸ್ತಕದಲ್ಲಿ ಉಳಿದ ಪದವು ಅರ್ಧ ಮಾತ್ರ ಉಳಿದಂತೆ. ಉಳಿದರ್ಧವು ಇಂದಿಗೂ ಹಳ್ಳಿಯ ಮಠದ ಕಟ್ಟೆಯ ಮೇಲೆ, ಅಮಾವಾಸ್ಯೆಯ ರಾತ್ರಿ, ಒಂದು ತಂತಿಯ ಮೇಲಿನ ಬೆರಳಿನಲ್ಲಿದೆ. ಅದನ್ನು ಅಲ್ಲಿಯೇ ಹೋಗಿ ಕುಳಿತು ಕೇಳುವುದು ಕನ್ನಡಿಗರ ಕರ್ತವ್ಯ.