ಸೀರೆಯ ಮಡಿಕೆಯಲ್ಲಿ ಕೇದಗೆ: ಯೋಗದರ್ಶನದಲ್ಲಿ ವಾಸನೆ, ಸಂಸ್ಕಾರ ಮತ್ತು ಸ್ಮೃತಿ

ಕನ್ನಡನಾಡಿನ ಹಲವು ಮನೆಗಳಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಕೇದಗೆಯ ಗರಿ ಇಡುವ ರೂಢಿಯಿದೆ. ನಾಲ್ಕಾರು ತಿಂಗಳ ಮೇಲೆ ಪೆಟ್ಟಿಗೆ ತೆಗೆದರೆ ಗರಿ ಒಣಗಿ ಕಂದಾಗಿರುತ್ತದೆ, ಮುಟ್ಟಿದರೆ ಮುರಿಯುತ್ತದೆ. ಕಂಪು ಮಾತ್ರ ಸೀರೆಗೆ ಹತ್ತಿಕೊಂಡಿರುತ್ತದೆ. ಮುಗಿದ ಅನುಭವ ಮನಸ್ಸಿನಲ್ಲಿ ಉಳಿಸಿಹೋಗುವುದನ್ನು ಭಾರತೀಯ ದರ್ಶನಗಳು ‘ವಾಸನೆ’ ಎಂದು ಕರೆದದ್ದು ಈ ಅರ್ಥದಲ್ಲೇ. ಹೂವಿನೊಡನೆ ಇಟ್ಟ ಎಳ್ಳಿಗೆ ಹೂವಿನ ಕಂಪು ಹತ್ತುವುದು ಯೋಗಾಚಾರ ಬೌದ್ಧರಿಗೆ ಪ್ರಿಯವಾದ ದೃಷ್ಟಾಂತ. ವಸುಬಂಧು ‘ತ್ರಿಂಶಿಕಾ’ದ ಮೂವತ್ತು ಕಾರಿಕೆಗಳಲ್ಲಿ ಹೇಳುವ ಆಲಯವಿಜ್ಞಾನ ಇಂಥ ವಾಸನೆಗಳ, ಬೀಜಗಳ ನೆಲೆ.

ಮನಸ್ಸೆಂದರೆ ಉಗ್ರಾಣ, ನೆನಪೆಂದರೆ ಅಲ್ಲಿಟ್ಟ ಸಾಮಾನು ಎಂಬುದು ರೂಢಿಯ ತಿಳಿವಳಿಕೆ. ವಾಸನೆಯ ರೂಪಕಕ್ಕೆ ಅದು ಒಗ್ಗುವುದಿಲ್ಲ. ಕಂಪನ್ನು ಸೀರೆಯಿಂದ ಬೇರೆ ತೆಗೆದಿಡಲಾಗದು, ಸೀರೆಯೇ ಬದಲಾಗಿದೆ. ಅನ್ನಂಭಟ್ಟನ ‘ತರ್ಕಸಂಗ್ರಹ’ ಸಂಸ್ಕಾರವನ್ನು ವೇಗ, ಭಾವನಾ, ಸ್ಥಿತಿಸ್ಥಾಪಕ ಎಂದು ಮೂರಾಗಿ ವಿಂಗಡಿಸುವಾಗಲೂ ಇದೇ ನೋಟವಿದೆ. ಬಹುಕಾಲ ಸುತ್ತಿಟ್ಟ ಚಾಪೆಯನ್ನು ಹಾಸಿದರೆ ಅದು ಮತ್ತೆ ಸುರುಳಿಗೊಳ್ಳುತ್ತದೆ. ಅದೂ ಸಂಸ್ಕಾರವೇ, ಕಂಡದ್ದು ನೆನಪಾಗುವುದೂ ಸಂಸ್ಕಾರದಿಂದಲೇ. ಸಂಗ್ರಹ ಮತ್ತು ರೂಪಿಸುವಿಕೆ ಇಲ್ಲಿ ಎರಡು ಕೆಲಸಗಳಲ್ಲ.

‘ಯೋಗಸೂತ್ರ’ದ ಕರ್ತೃ ಪತಂಜಲಿ ಸ್ಮೃತಿಯನ್ನು ಐದು ಚಿತ್ತವೃತ್ತಿಗಳಲ್ಲಿ ಒಂದೆಂದು ಎಣಿಸುತ್ತಾನೆ. ಅದರ ಲಕ್ಷಣಕ್ಕೆ ಆತ ಆರಿಸಿದ ಪದ ‘ಅಸಂಪ್ರಮೋಷ’. ಅನುಭವಿಸಿದ್ದು ಕಳುವಾಗದಿರುವುದು ಎಂದು ಅದರ ಧ್ವನಿ. ವೃತ್ತಿಯಿಂದ ಸಂಸ್ಕಾರ, ಸಂಸ್ಕಾರದಿಂದ ವೃತ್ತಿ, ಹೀಗೆ ಹಗಲಿರುಳು ಚಕ್ರ ತಿರುಗುತ್ತಲೇ ಇರುತ್ತದೆ ಎನ್ನುತ್ತಾನೆ ಭಾಷ್ಯಕಾರ ವ್ಯಾಸ. ಆತ ಇನ್ನೂ ಒಂದು ಗೆರೆ ಎಳೆಯುತ್ತಾನೆ: ಕನಸಿನ ಸ್ಮೃತಿಯಲ್ಲಿ ಕಲ್ಪನೆ ಬೆರೆತಿರುತ್ತದೆ, ಎಚ್ಚರದ ಸ್ಮೃತಿಯಲ್ಲಿ ಇಲ್ಲ.

ಈ ಗೆರೆ ನಿಲ್ಲುವುದು ಕಷ್ಟ. ಕೇಂಬ್ರಿಜ್‌ನ ಫ್ರೆಡರಿಕ್ ಬಾರ್ಟ್‌ಲೆಟ್ 1932ರ ಗ್ರಂಥದಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ, ಉತ್ತರ ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಇಂಗ್ಲಿಷ್ ಓದುಗರು ನೆನಪಿನಿಂದ ಬರೆದಾಗ ಸೀಲ್ ಬೇಟೆ ಮೀನುಗಾರಿಕೆಯಾಯಿತು. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರ ತೋರಿಸಿ ವೇಗ ಕೇಳಿದರು. ಪ್ರಶ್ನೆಯಲ್ಲಿ ‘ಅಪ್ಪಳಿಸಿದಾಗ’ ಎಂಬ ಮಾತಿದ್ದ 50 ಜನರಲ್ಲಿ 16 ಮಂದಿ, ವಾರದ ಬಳಿಕ, ಒಡೆದ ಗಾಜು ಕಂಡದ್ದಾಗಿ ಹೇಳಿದರು. ಬರೀ ‘ಗುದ್ದಿದಾಗ’ ಎಂದು ಕೇಳಿದ್ದ 50ರಲ್ಲಿ ಹಾಗೆಂದವರು 7. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ಆದರೆ ಸೂತ್ರಕಾರನಿಗೆ ಈ ಬೆರಕೆಯ ಅರಿವಿರಲಿಲ್ಲ ಎನ್ನುವಂತಿಲ್ಲ. ಸಮಾಧಿಯ ಮೊದಲ ಹಂತದಲ್ಲಿ ಶಬ್ದ, ಅರ್ಥ, ಜ್ಞಾನ ಮೂರೂ ಕಲಸಿಹೋಗಿರುತ್ತವೆ. ಸ್ಮೃತಿ ಪರಿಶುದ್ಧವಾದಾಗ ಮಾತ್ರ ವಸ್ತು ತಾನಾಗಿ ಬೆಳಗುತ್ತದೆ ಎಂದು ಆತನ ಮತ. ಶುದ್ಧಿ ಬೇಕೆಂದರೆ ಸಾಮಾನ್ಯ ಸ್ಮೃತಿ ಕದಡಿದ್ದೆಂದೇ ಅರ್ಥ. ‘ಅಪ್ಪಳಿಸಿದಾಗ’ ಎಂಬ ಒಂದೇ ಶಬ್ದ ಕಾಣದ ಗಾಜನ್ನು ಒಡೆದದ್ದು ಈ ಕಲಸುವಿಕೆಗೆ ಸಿಗಬಹುದಾದ ಉತ್ತಮ ಉದಾಹರಣೆ. ಹಾಗೆಂದು ಪತಂಜಲಿಗೆ ಪ್ರಯೋಗಶಾಲೆಯ ಪ್ರಮಾಣಪತ್ರ ಕೊಡಿಸಹೊರಡುವುದು ಸಲ್ಲದು. ಆತನ ಪ್ರಶ್ನೆ ಸಾಕ್ಷಿಯ ನಿಖರತೆಯದ್ದಲ್ಲ, ಬಿಡುಗಡೆಯದ್ದು.

ಬಿಡುಗಡೆಗೆ ನೆನಪನ್ನು ಅಳಿಸಬೇಕೆ? ಯೋಗದರ್ಶನ ಹಾಗೆ ಹೇಳುವುದಿಲ್ಲ. ಬಂಧಿಸುವುದು ನೆನಪಲ್ಲ, ಅದಕ್ಕಂಟಿದ ಕ್ಲೇಶಗಳು, ಅಂದರೆ ರಾಗದ್ವೇಷಗಳಂಥ ಬಾಧೆಗಳು. ಅವು ಮಲಗಿರಬಹುದು, ತೆಳುವಾಗಿರಬಹುದು, ನಡುವೆ ಕಡಿದಿರಬಹುದು, ಹೆಡೆಯೆತ್ತಿರಬಹುದು. ಈ ನಾಲ್ಕರಾಚೆ ವ್ಯಾಸ ಐದನೆಯದೊಂದನ್ನು ಹೇಳುತ್ತಾನೆ: ಸುಟ್ಟ ಬೀಜದ ಸ್ಥಿತಿ. ವಿಷಯ ಎದುರಿಗೆ ಬಂದರೂ ಅದು ಚಿಗುರದು. ಅಡುಗೆಮನೆಯ ಅನುಭವ ಇದಕ್ಕೆ ಸಾಕ್ಷಿ. ಹುರಿದ ಕಾಳನ್ನು ನೀರಿಗೆ ಹಾಕಿದರೆ ನೆನೆಯುತ್ತದೆ, ಮೊಳೆಯುವುದಿಲ್ಲ. ‘ನೆನೆ’ ಎಂಬ ಒಂದೇ ಕ್ರಿಯಾಪದ ಕನ್ನಡದಲ್ಲಿ ನೀರಿಗೂ ನೆನಪಿಗೂ ಸಲ್ಲುವುದು ಈ ಸಂದರ್ಭಕ್ಕೆ ಒದಗಿಬಂದ ಭಾಗ್ಯ.

ನೆನಪು ಉಳಿದು ಅದರ ಕಾಟ ಮಾತ್ರ ಇಳಿಯುವುದಕ್ಕೆ ಪ್ರಯೋಗಶಾಲೆಯಲ್ಲೂ ಒಂದು ಹೋಲಿಕೆಯಿದೆ. 2009ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಮೆರೆಲ್ ಕಿಂಟ್ ಮತ್ತು ಸಂಗಡಿಗರು ಜೇಡದ ಚಿತ್ರದೊಡನೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಭಯ ಕಲಿಸಿದರು. ಆ ಭಯವನ್ನು ಮತ್ತೆ ಎಬ್ಬಿಸುವ ಮುನ್ನ ಪ್ರೊಪ್ರನೊಲಾಲ್ ಎಂಬ ಔಷಧದ ಮಾತ್ರೆ ಕೊಟ್ಟಾಗ, ಮರುದಿನ ಬೆಚ್ಚಿಬೀಳುವಿಕೆ ಇಳಿದಿತ್ತು. ಆಘಾತ ಬರುತ್ತದೆಂಬ ತಿಳಿವು ಮಾತ್ರ ಹಾಗೇ ಉಳಿದಿತ್ತು. ಮುಂದಿನ ಪ್ರಯೋಗಗಳಲ್ಲಿ ಈ ಫಲ ಎಲ್ಲ ಕಡೆ ಒಂದೇ ಸಮ ಬಂದಿಲ್ಲ. ಬಂದ ಕಡೆಯಲ್ಲೂ ಅದು ಒಂದು ಚಿತ್ರಕ್ಕೆ ಅಂಟಿದ ಒಂದು ಭಯದ ಮಾತು. ಪತಂಜಲಿ ಸೂಚಿಸುವ ಪ್ರತಿಪಕ್ಷಭಾವನೆಯೂ, ಅಂದರೆ ಎದುರು ಯೋಚನೆಯನ್ನು ಬೆಳೆಸುವುದೂ, ಕೆಟ್ಟ ಯೋಚನೆ ತಲೆಯೆತ್ತಿದ ಗಳಿಗೆಯಲ್ಲೇ ನಡೆಯಬೇಕಾದದ್ದು. ಆದರೆ ಅಲ್ಲಿ ಕೆಲಸ ಮಾಡುವುದು ಮಾತ್ರೆಯಲ್ಲ, ವರ್ಷಗಟ್ಟಲೆ ಎಡೆಬಿಡದ ಅಭ್ಯಾಸ.